ಎರಡನೇ ಓದು

ಬಚ್ಚಲಮನೆಯ ಕನ್ನಡಿಯ ಮೇಲೆ ತಂಗಿ ಬಿಟ್ಟುಹೋದ ಹಬೆ ಇನ್ನೂ ಆರಿರಲಿಲ್ಲ. ಅಂಗೈಯಿಂದ ಒರೆಸಿದರೆ ಮುಖ ಕಾಣುತ್ತದೆ ಎಂದು ಗೊತ್ತಿದ್ದೂ ಅವಳು ಒರೆಸದೆ ನಿಂತಳು. ಬಿಸಿನೀರು ಇವತ್ತೂ ಮುಗಿದಿತ್ತು. ಅಡುಗೆಮನೆಯಲ್ಲಿ ತಂಗಿ ಏನೋ ಹೇಳಿದ್ದಕ್ಕೆ ಅಮ್ಮ ನಕ್ಕದ್ದು ಕೇಳಿಸಿತು. ಮೊದಲು ತಡೆಹಿಡಿದು, ಆಮೇಲೆ ಆಗದೆ ಬಾಯ್ತುಂಬ. ಏನು ಹೇಳಿರಬಹುದು? ತಮಾಷೆಗಳು ತನಗೂ ಹೊಳೆಯುತ್ತವೆ, ಆದರೆ ಹೊಳೆಯುವುದು ಮಾತು ಮುಗಿದು ಎಲ್ಲರೂ ಎದ್ದುಹೋದ ಮೇಲೆ, ಖಾಲಿ ಲೋಟಗಳನ್ನು ತಾನು ಒಳಗೆ ಒಯ್ಯುವಾಗ. ಮೊದಲ ಚೊಂಬು ತಣ್ಣೀರು ಬೆನ್ನಿನ ಮೇಲೆ ಬಿದ್ದಾಗ ಉಸಿರು ಹಿಡಿದುಕೊಂಡಿತು, ಜೊತೆಗೆ ಒಂದು ಬಗೆಯ ಸಮಾಧಾನವೂ ಆಯಿತು. ತನಗೆ ಅನ್ಯಾಯವಾಗುತ್ತಿದೆ ಎಂಬುದಕ್ಕೆ ಇದೂ ಒಂದು ಸಾಕ್ಷಿ. ಇವತ್ತು ಅಂಥ ಸಾಕ್ಷಿಗಳು ಅವಳಿಗೆ ಬೇಕಾಗಿದ್ದವು.

ತಂಗಿ ಎಂದರೆ ಒಡಹುಟ್ಟಿದವಳಲ್ಲ, ಚಿಕ್ಕಮ್ಮನ ಮಗಳು. "ರೂಮು ಸಿಗೋವರೆಗೆ ಅಷ್ಟೇ ದೊಡ್ಡಮ್ಮ" ಎಂದು ಚೀಲ ಹಿಡಿದು ಬಂದವಳು ಈಗ ರೂಮಿನ ಮಾತೆತ್ತಿದರೆ ಅಮ್ಮನೇ "ಹೊರಗಡೆ ಯಾಕಿರ್ಬೇಕು, ಇಲ್ಲೇನು ಜಾಗ ಇಲ್ವಾ?" ಎನ್ನುತ್ತಾಳೆ. ಜಾಗವೆಂದರೆ ತನ್ನ ಕೋಣೆಯ ಅರ್ಧ, ಅದೂ ಕಿಟಕಿಯಿರುವ ಅರ್ಧ. ತಂಗಿಗೆ ಕೆಲಸ ಕೊಡಿಸಿದ್ದೂ ಅವಳೇ. ಕಚೇರಿಯಲ್ಲಿ ಒಂದು ಕುರ್ಚಿ ಖಾಲಿಯಾದಾಗ ಮೇಡಂ ಕೋಣೆಯ ಬಾಗಿಲವರೆಗೆ ಹೋಗುವುದು, ಹಿಡಿಕೆ ಮುಟ್ಟುವುದು, ವಾಪಸು ಬರುವುದು ಹೀಗೆ ಒಂದು ಬೆಳಗ್ಗೆಯೆಲ್ಲ ಮಾಡಿ ಕೊನೆಗೆ ಒಳಗೆ ನುಗ್ಗಿ, "ನನ್ನ ತಂಗಿ ಒಬ್ಬಳಿದಾಳೆ ಮೇಡಂ, ಲೆಕ್ಕದಲ್ಲಿ ಚುರುಕು" ಎಂದಿದ್ದಳು. ಅಷ್ಟು ಧೈರ್ಯವನ್ನು ತನ್ನ ಸಲುವಾಗಿ ಅವಳು ಯಾವತ್ತೂ ಮಾಡಿರಲಿಲ್ಲ. ಈಗ ಮೇಡಂ ಬಾಗಿಲು ತೆರೆದು ಮೊದಲು ಕರೆಯುವುದು ತಂಗಿಯನ್ನು. "ನಿಮ್ಮ ತಂಗಿ ಇದಾಳಾ?" ಎಂದು ಅವಳನ್ನು ನೋಡಿ ಕೇಳುತ್ತಾರೆ, ಗೋಡೆಯ ಗಡಿಯಾರವನ್ನು ನೋಡಿ ಗಂಟೆ ಕೇಳಿದ ಹಾಗೆ.

ಬಸ್ಸಿನಲ್ಲಿ ತಂಗಿ ಕಿಟಕಿಯ ಪಕ್ಕ ಕೂತು ತುಟಿಯೊಳಗೇ ಭಾಷಣ ಒಪ್ಪಿಸಿಕೊಳ್ಳುತ್ತಿದ್ದಳು. ತಂಗಿಯ ಒದ್ದೆ ಕೂದಲಿನ ತುದಿ ಅವಳ ಹೆಗಲಿಗೆ ತಾಗಿ ಅಂಗಿಯ ಮೇಲೆ ನಾಣ್ಯದಗಲ ತೇವ ಮಾಡಿತ್ತು. ಸರಿದು ಕೂರಬಹುದಿತ್ತು, ಸರಿಯಲಿಲ್ಲ. ಇವತ್ತು ಹನ್ನೊಂದಕ್ಕೆ ಸಮಿತಿ, ತಂಗಿಯ ಲೆಕ್ಕ ನೋಡಿ ತೀರ್ಮಾನ ಬರೆಸುವವರದು. ಸೊಂಟ ಮುರಿದು ಆಪರೇಷನ್ ಆದವರ ಮನೆಗೆ ವ್ಯಾಯಾಮ ಕಲಿಸುವವರನ್ನು ಕಳಿಸಿದರೆ ಅವರು ಬೇಗ ನಡೆಯುತ್ತಾರೆಯೇ ಎಂಬುದು ಪ್ರಶ್ನೆ. ಅವಳ ಕಚೇರಿ ಯಾರಿಗೂ ವ್ಯಾಯಾಮ ಕಲಿಸುವುದಿಲ್ಲ, ಯಾವ ರೋಗಿಯನ್ನೂ ಮುಟ್ಟುವುದಿಲ್ಲ. ಬೇರೆಬೇರೆ ಊರುಗಳಲ್ಲಿ ಬೇರೆಬೇರೆಯವರು ಮಾಡಿ ಮುಗಿಸಿದ ಅಧ್ಯಯನಗಳನ್ನು ಹುಡುಕಿ ತಂದು, ಒಂದೊಂದರ ಉತ್ತರಕ್ಕೂ ಅದರದರ ತೂಕ ಕೊಟ್ಟು, ಎಲ್ಲವನ್ನೂ ಕೂಡಿಸಿ ಒಂದೇ ಉತ್ತರ ತೆಗೆಯುವುದು ಅವರ ಕೆಲಸ. ಆ ಉತ್ತರವನ್ನು ಚಿತ್ರದಲ್ಲಿ ವಜ್ರದ ಆಕಾರದಲ್ಲಿ ಬರೆಯುತ್ತಾರೆ. ನಡುವೆ ಮೇಲಿಂದ ಕೆಳಕ್ಕೆ ಸೊನ್ನೆಯ ಗೆರೆ. ವಜ್ರ ಆ ಗೆರೆಯನ್ನು ಮುಟ್ಟದೆ ಪೂರ್ತಿ ಬಲಕ್ಕೆ ನಿಂತರೆ ಪ್ರಯೋಜನ ಇದೆ ಎಂದು ಅರ್ಥ. ಅಗಲವಾಗಿ ಗೆರೆಯನ್ನು ತುಳಿದುಕೊಂಡು ಬಿದ್ದಿದ್ದರೆ ಇನ್ನೂ ಏನನ್ನೂ ಹೇಳಲಾಗದು ಎಂದು ಅರ್ಥ. ಹೇಳಲಾಗದು ಎಂಬುದನ್ನು ಇಲ್ಲ ಎಂದು ಓದುವುದು ಈ ಕೆಲಸದಲ್ಲಿ ಎಲ್ಲರೂ ಮೊದಲ ವರ್ಷ ಮಾಡುವ ತಪ್ಪು. ಅವಳೂ ಮಾಡಿದ್ದಳು. ತಂಗಿ ನಿನ್ನೆ ಮಾಡಿದ್ದಳು.

ನಿನ್ನೆ ಸಂಜೆ ಊಟದ ಮೇಜಿನ ಮೇಲೆ ಅಮ್ಮ ಬಟಾಣಿ ಬಿಡಿಸುತ್ತಿದ್ದಳು. ತಂಗಿ ಸಿಪ್ಪೆಗಳನ್ನು ಅತ್ತ ಸರಿಸಿ ಹಾಳೆಗಳನ್ನು ಹರವಿ, "ಅಕ್ಕಾ, ಎರಡನೇ ಓದು ಮಾಡ್ಕೊಡು" ಎಂದಳು. ಎರಡನೇ ಓದು ಅವರ ಕಚೇರಿಯ ಪದ್ಧತಿ. ಒಬ್ಬರು ಮಾಡಿದ ಲೆಕ್ಕವನ್ನು ಇನ್ನೊಬ್ಬರು ಪೆನ್ಸಿಲ್ ಹಿಡಿದು ಓದದೆ ಅದು ಕೋಣೆಯಿಂದ ಆಚೆ ಹೋಗುವಂತಿಲ್ಲ. ಯಾರು ಯಾರಿಂದ ಓದಿಸಿಕೊಳ್ಳಬೇಕು ಎಂಬ ನಿಯಮವಿಲ್ಲ. ಅವರವರಿಗೆ ನಂಬಿಕೆಯಿದ್ದವರ ಹತ್ತಿರ ಒಯ್ಯುತ್ತಾರೆ. ತಂಗಿ ಬಂದ ದಿನದಿಂದ ಅವಳ ಹತ್ತಿರವೇ ತರುತ್ತಿದ್ದಳು, ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು, ಮೊಣಕೈಗೆ ಮೊಣಕೈ ತಾಗಿಸಿಕೊಂಡು, ಪೆನ್ಸಿಲ್ ಎಲ್ಲಿ ನಿಲ್ಲುತ್ತದೋ ಎಂದು ಉಸಿರು ಬಿಗಿಹಿಡಿದು. ಹಾಳೆಯ ಮೇಲೆ ಎರಡು ವಜ್ರಗಳಿದ್ದವು. ಅಧ್ಯಯನಗಳನ್ನು ತಂಗಿ ಎರಡು ಗುಂಪು ಮಾಡಿದ್ದಳು: ಎಪ್ಪತ್ತರ ಒಳಗಿನವರು, ಎಪ್ಪತ್ತು ದಾಟಿದವರು. ಒಳಗಿನವರಿಗೆ ನಡಿಗೆಯ ಅಂಕ ಐದು ಹೆಚ್ಚಿತ್ತು, ಎರಡರಿಂದ ಎಂಟರವರೆಗಿನ ಸಣ್ಣ ಚೊಕ್ಕ ವಜ್ರ, ಗೆರೆಯಿಂದ ದೂರ. ದಾಟಿದವರಿಗೆ ನಾಲ್ಕು ಹೆಚ್ಚಿತ್ತು. ಆದರೆ ಅಂಥವರ ಮೇಲೆ ಆದ ಅಧ್ಯಯನಗಳೇ ಕಮ್ಮಿ, ಅದಕ್ಕೇ ವಜ್ರ ಅಗಲವಾಗಿ, ಸೊನ್ನೆಗಿಂತ ಒಂದು ಕಡಿಮೆಯಿಂದ ಒಂಬತ್ತರವರೆಗೆ ಮೈಚಾಚಿ, ಎಡತುದಿಯಲ್ಲಿ ಗೆರೆಯನ್ನು ದಾಟಿತ್ತು. ಕೆಳಗೆ ತಂಗಿ ದುಂಡಗಿನ ಅಕ್ಷರದಲ್ಲಿ ಬರೆದಿದ್ದಳು: ಎಪ್ಪತ್ತರ ಒಳಗಿನವರಿಗೆ ಪ್ರಯೋಜನವಿದೆ, ದಾಟಿದವರಿಗಿಲ್ಲ.

ಐದು, ನಾಲ್ಕು. ಅವಳ ಪೆನ್ಸಿಲ್ ನಿಂತಿತ್ತು. ಎರಡು ಗುಂಪು ಬೇರೆ ಎನ್ನಬೇಕಾದರೆ ಎರಡನ್ನೂ ಒಂದರ ಎದುರಿಗೊಂದು ಇಟ್ಟು, ನಡುವಿನ ವ್ಯತ್ಯಾಸವನ್ನೇ ಅಳೆಯಬೇಕು. ಒಂದನ್ನು ಗೆರೆಯ ಪಕ್ಕ ನಿಲ್ಲಿಸಿ ಪಾಸು, ಇನ್ನೊಂದನ್ನು ಗೆರೆಯ ಪಕ್ಕ ನಿಲ್ಲಿಸಿ ಫೇಲು ಎಂದರೆ ಅದು ಹೋಲಿಕೆಯೇ ಅಲ್ಲ. "ಹೇಗಿದೆ?" ತಂಗಿ ಕೇಳಿದಳು. ಅಮ್ಮ ಬಟಾಣಿಯಿಂದ ತಲೆಯೆತ್ತದೆ, "ಚೆನ್ನಾಗೇ ಇರುತ್ತೆ ಬಿಡು, ನೀನು ಮಾಡಿದ್ದಲ್ವಾ" ಎಂದಳು. ಆ ಮಾತು ಇಲ್ಲದಿದ್ದರೆ ಹೇಳಿಬಿಡುತ್ತಿದ್ದೆನೇನೋ ಎಂದು ಈಗ ಬಸ್ಸಿನಲ್ಲಿ ಅನಿಸುತ್ತದೆ, ಆದರೆ ಅದೂ ಸುಳ್ಳಿರಬಹುದು. ಪೆನ್ಸಿಲ್ ಅಷ್ಟರಲ್ಲೇ ಮುಂದಿನ ಸಾಲಿಗೆ ಜಾರಿತ್ತು. ಒಂದು ಅಲ್ಪವಿರಾಮ ಹಾಕಿ, "ಚೆನ್ನಾಗಿದೆ" ಎಂದಿದ್ದಳು. ತಂಗಿ ಅವಳ ಭುಜಕ್ಕೆ ತಲೆ ಒರಗಿಸಿ, "ನೀನಿಲ್ದಿದ್ರೆ ನಾನು ಕೆಟ್ಟೆ ಕಣೇ ಅಕ್ಕಾ" ಎಂದಿದ್ದಳು. ಒರಗಿದ ತಲೆಯ ಭಾರ ಹಿತವಾಗಿತ್ತು.

ಸಮಿತಿಯಲ್ಲಿ ಮೂಳೆ ಡಾಕ್ಟರು ಇರುತ್ತಾರೆ. ಅವರು ಹಿಡಿಯುತ್ತಾರೆ. ಅವರು ಹಿಡಿಯದೆ ಬಿಟ್ಟದ್ದಿಲ್ಲ. ಹಿಂದೊಮ್ಮೆ ತನ್ನ ಹಾಳೆಯಲ್ಲಿ ದಶಾಂಶದ ಚುಕ್ಕೆ ಒಂದು ಮನೆ ಆಚೆ ಬಿದ್ದಿತ್ತು. ಅವರು ಹಾಳೆಯನ್ನು ತೋರುಬೆರಳು ಹೆಬ್ಬೆರಳಿನ ತುದಿಯಲ್ಲಿ, ಒದ್ದೆ ಬಟ್ಟೆ ಹಿಡಿದಂತೆ ಎತ್ತಿಹಿಡಿದು, "ಈಯಮ್ಮನ ಪ್ರಕಾರ ರೋಗಿ ನಡೆಯೋದಲ್ಲ, ಹಾರ್ತಾನೆ" ಎಂದಿದ್ದರು. ಎಲ್ಲರೂ ನಕ್ಕಿದ್ದರು. ಅವಳೂ ನಕ್ಕಿದ್ದಳು, ಅದೇ ಇವತ್ತಿಗೂ ಉರಿಯುವುದು, ತಾನೂ ನಕ್ಕದ್ದು. ಇವತ್ತು ಆ ಬೆರಳುಗಳ ನಡುವೆ ತಂಗಿಯ ಹಾಳೆ ಇರುತ್ತದೆ. ತಂಗಿಯ ಮುಖ ಆಗ ಹೇಗಾಗುತ್ತದೆ ಎಂದು ಊಹಿಸಲು ನೋಡಿದಳು. ಊಹೆಯಲ್ಲೂ ಆ ಮುಖ ಸಣ್ಣದಾಗುತ್ತಿರಲಿಲ್ಲ. ಊಹೆಯಲ್ಲೂ ಎಲ್ಲರೂ ಅವಳನ್ನು ಸಮಾಧಾನ ಮಾಡುತ್ತಿದ್ದರು. ಹೋಗಲಿ, ಒಂದು ಸಲ ಅವಳ ಹಾಳೆಗೂ ಎಲ್ಲರೂ ನಗಲಿ. ಅದಕ್ಕಿಂತ ಹೆಚ್ಚು ತನಗೇನೂ ಬೇಡ. ಬಸ್ಸು ತಿರುವಿನಲ್ಲಿ ವಾಲಿದಾಗ ತಂಗಿ ತನಗರಿವಿಲ್ಲದೆ ಅವಳ ಮುಂಗೈ ಹಿಡಿದುಕೊಂಡು, ಹಿಡಿದದ್ದನ್ನು ಬಿಡುವುದು ಮರೆತಳು.

ಕಚೇರಿಯ ಮೆಟ್ಟಿಲ ಕೆಳಗೆ ಪತ್ತೇದಾರ ಸಿಕ್ಕಿದ. ಎಲ್ಲೆಲ್ಲಿಂದಲೋ ಹಳೆಯ ಅಧ್ಯಯನಗಳನ್ನು ಅಗೆದು ತೆಗೆಯುವುದು ಅವನ ಕೆಲಸವಾದ್ದರಿಂದ ಆ ಹೆಸರು. ದಪ್ಪ ಕನ್ನಡಕ, ಕಿವಿಯ ಮೇಲೆ ಯಾವಾಗಲೂ ಒಂದು ಪೆನ್ಸಿಲ್. "ಏನು ಅಕ್ಕತಂಗೀರು ಇವತ್ತು ಡಾಕ್ಟರ ಬಾಯಿ ಮುಚ್ಚಿಸ್ತೀರಂತೆ?" ಎಂದ. "ನೀವು ತಂದ್ಕೊಟ್ಟ ಅಧ್ಯಯನದಲ್ಲಿ ಅರ್ಧ ಕೆಲಸಕ್ಕೆ ಬಾರದವು, ಇನ್ನರ್ಧದಲ್ಲಿ ನಾನು ಏನು ಮುಚ್ಚಿಸ್ಲಿ?" ಎಂದು ತಂಗಿ ತಿರುಗೇಟು ಕೊಟ್ಟಳು. ಅವನು ಹಿಗ್ಗಿಹೋದ. ಅವಳಿಗೂ ಒಂದು ಉತ್ತರ ಹೊಳೆಯಿತು, ಎರಡನೇ ಮಹಡಿ ತಲುಪುವ ಹೊತ್ತಿಗೆ. ಸಭೆಯ ಕೋಣೆಯ ಹೊರಗೆ ತಂಗಿ ಇದ್ದಕ್ಕಿದ್ದಂತೆ ನಿಂತಳು. ಮುಖ ಬಿಳಿಚಿಕೊಂಡಿತ್ತು. "ಅಕ್ಕಾ, ನಿಜ ಹೇಳು. ಏನಾದ್ರೂ ತಪ್ಪಿದ್ಯಾ ಅದರಲ್ಲಿ?" ಇದೇ ಕೊನೆಯ ಸಲ, ಇನ್ನು ಯಾರೂ ಕೇಳುವುದಿಲ್ಲ ಎಂದು ಅವಳಿಗೆ ಸ್ಪಷ್ಟವಾಗಿ ಗೊತ್ತಾಯಿತು. ತಂಗಿಯ ತೋಳಿನ ಮೇಲೆ ಒಂದು ಕೂದಲೆಳೆ ಅಂಟಿತ್ತು. ಅದನ್ನು ನಿಧಾನವಾಗಿ ತೆಗೆದು, ಊದಿ, "ಏನಿಲ್ಲ, ಹೋಗು" ಎಂದಳು.

ತಂಗಿ ಚೆನ್ನಾಗಿ ಮಾತಾಡಿದಳು. ಗೋಡೆಯ ಮೇಲೆ ಎರಡು ವಜ್ರಗಳು ಬೆಳಗಿದವು, ಮೇಲಿನದು ಚೊಕ್ಕ, ಕೆಳಗಿನದು ಅಗಲ. ಅವಳು ಗೋಡೆಯನ್ನು ನೋಡದೆ ಮೂಳೆ ಡಾಕ್ಟರ ಬೆರಳುಗಳನ್ನು ನೋಡುತ್ತ ಕೂತಿದ್ದಳು. ಬೆರಳುಗಳು ಹಾಳೆಯನ್ನು ಎತ್ತಿದವು, ಮತ್ತೆ ಇಳಿಸಿದವು. "ತುಂಬಾ ಸ್ಪಷ್ಟವಾಗಿದೆಯಮ್ಮ," ಎಂದರು ಡಾಕ್ಟರು. "ನಾನು ಮೊದಲಿಂದ್ಲೂ ಹೇಳ್ತಿದ್ದೆ, ವಯಸ್ಸಾದ ಮೇಲೆ ಇದೆಲ್ಲ ಸುಮ್ನೆ. ಈಗ ಲೆಕ್ಕಾನೂ ಅದನ್ನೇ ಹೇಳ್ತಿದೆ." ತಮಗೆ ಬೇಕಾದದ್ದನ್ನು ಹೇಳುವ ಲೆಕ್ಕದಲ್ಲಿ ಯಾರು ತಪ್ಪು ಹುಡುಕುತ್ತಾರೆ? ಮೇಡಂ ತಂಗಿಯ ಕಡೆ ನೋಡಿ ಕಣ್ಣಲ್ಲೇ ನಕ್ಕರು. ಹೀಗಾಗಬಹುದೆಂದು ಅವಳು ಎಣಿಸಿಯೇ ಇರಲಿಲ್ಲ. ಸರಿಯಾಗಿ ಮಾಡಿದಾಗ ಸಿಕ್ಕ ಹೊಗಳಿಕೆಯನ್ನಾದರೂ ಹೇಗೋ ನುಂಗಿಕೊಂಡಿದ್ದಳು. ತಪ್ಪು ಮಾಡಿದರೂ ಇವಳಿಗೆ ಹೊಗಳಿಕೆಯೇ? ಒಂದು ಚುಕ್ಕೆಗಾಗಿ ತಾನು ಅವತ್ತು ಹಾರುವ ರೋಗಿಯ ಮಾತಿಗೆ ಎಲ್ಲರ ಜೊತೆ ನಕ್ಕಿರಲಿಲ್ಲವೇ? ಡಾಕ್ಟರು ಬರೆಸುತ್ತಿದ್ದ ತೀರ್ಮಾನ ದೂರದಿಂದ ಕೇಳಿದಂತೆ ಕೇಳಿಸಿತು: ಎಪ್ಪತ್ತರ ಒಳಗಿನವರ ಮನೆಗೆ ಮಾತ್ರ ಕಳಿಸುವುದು.

ಮೇಜಿನ ತುದಿಯಲ್ಲಿ, ರೋಗಿಗಳ ಪರವಾಗಿ ಸಮಿತಿಗೆ ಕರೆಸಿದ್ದ ಒಬ್ಬ ಅಜ್ಜಿ ಇದ್ದರು. ಕುರ್ಚಿಗೆ ಊರುಗೋಲು ಒರಗಿಸಿ, ಇಷ್ಟು ಹೊತ್ತು ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ತಿನ್ನುತ್ತಿದ್ದವರು, ಕೈ ಒರೆಸಿಕೊಂಡು ತಂಗಿಯನ್ನು ಕೇಳಿದರು: "ಅಂದ್ರೆ ನಮ್ಮಂಥೋರ ಮನೆಗೆ ಆ ವ್ಯಾಯಾಮದ ಹುಡುಗಿ ಇನ್ಮೇಲೆ ಬರೋದಿಲ್ವೇನಮ್ಮಾ? ಅವಳು ಬಂದಾಗ ನಾನು ಬಾಗಿಲವರೆಗೂ ಹೋಗ್ತೀನಿ." ತಂಗಿ ಅವರ ಹತ್ತಿರ ಬಾಗಿ, ಅಷ್ಟೇ ಮೆತ್ತಗೆ, "ಲೆಕ್ಕದಲ್ಲಿ ಪ್ರಯೋಜನ ಕಾಣ್ತಿಲ್ಲ ಅಜ್ಜಿ" ಎಂದಳು. "ಹೌದಾ," ಎಂದರು ಅಜ್ಜಿ, ಯಾರೋ ತಿಳಿದವರು ಹೇಳಿದ ಮೇಲೆ ಒಪ್ಪಿಕೊಳ್ಳುವ ಹಾಗೆ. "ಮತ್ತೆ ನನಗ್ಯಾಕೆ ಕಂಡ ಹಾಗಿತ್ತೋ."

"ಕಾಣ್ತಿಲ್ಲ ಅಂತಲ್ಲ." ಅದು ತನ್ನ ದನಿ ಎಂದು ಗೊತ್ತಾಗಲು ಅವಳಿಗೆ ಒಂದು ಕ್ಷಣ ಹಿಡಿಯಿತು. ಎದ್ದು ನಿಂತಿದ್ದಳು, ಮೊಣಕಾಲು ಮೇಜಿಗೆ ತಗುಲಿ ಲೋಟಗಳು ಅಲುಗಿದವು. ಯಾಕೆ ಎದ್ದೆ, ಅಜ್ಜಿಗಾಗಿಯೋ, ಮೇಡಂ ಕಣ್ಣಲ್ಲಿ ನಕ್ಕದ್ದಕ್ಕೋ? ಬೇರ್ಪಡಿಸಲು ಸಮಯವಿರಲಿಲ್ಲ. ಹಲಗೆಯ ಹತ್ತಿರ ಹೋಗಿ ಐದು ಎಂದು ಬರೆದಳು, ಕೆಳಗೆ ನಾಲ್ಕು. "ಎರಡು ಗುಂಪಿನ ನಡುವಿನ ವ್ಯತ್ಯಾಸ ಒಂದು, ಅಷ್ಟೇ. ಆ ಒಂದನ್ನ ಎಷ್ಟು ನಂಬಬಹುದು ಅಂತ ನೋಡ್ಬೇಕು. ವಜ್ರದ ಅಗಲದಲ್ಲಿ ಕಾಲು ಭಾಗ ಅದರ ಅಳ್ಳಕ ಅಂತ ಹಿಡೀತೀವಿ: ಮೇಲಿನದರಲ್ಲಿ ಒಂದೂವರೆಯಷ್ಟು ಅಳ್ಳಕ ಇದೆ, ಕೆಳಗಿನದರಲ್ಲಿ ಎರಡೂವರೆ. ಎರಡರ ವರ್ಗಾನೂ ಕೂಡಿಸಿ ವರ್ಗಮೂಲ ತೆಗೆದ್ರೆ ಹತ್ರ ಹತ್ರ ಮೂರು. ಒಂದರ ವ್ಯತ್ಯಾಸಕ್ಕೆ ಮೂರರ ಅಳ್ಳಕ. ಅಂದ್ರೆ ವ್ಯತ್ಯಾಸ ಇದೆ ಅನ್ನೋಕೆ ಆಧಾರಾನೇ ಇಲ್ಲ. ವಯಸ್ಸಾದವರ ವಜ್ರ ಅಗಲ ಆಗಿರೋದು ಅವರಿಗೆ ಪ್ರಯೋಜನ ಇಲ್ಲ ಅಂತಲ್ಲ, ಅವರ ಮೇಲೆ ಅಧ್ಯಯನ ಮಾಡಿದವರು ಕಮ್ಮಿ ಅಂತ." ಸೀಮೆಸುಣ್ಣ ಹಲಗೆಗೆ ಉಜ್ಜಿ ಕಿರ್ರೆಂದಿತು. ಹಲಗೆಯ ಮೇಲಿನ ಐದನ್ನೂ ನಾಲ್ಕನ್ನೂ ನೋಡುತ್ತ ಅವಳಿಗೆ ಎಲ್ಲೋ ಒಂದು ಕಡೆ ಅನಿಸಿತು: ತಂಗಿಯನ್ನು ಕಂಡರೆ ಎಲ್ಲರಿಗೂ ಇಷ್ಟ, ನನ್ನನ್ನು ಕಂಡರೆ ಯಾರಿಗೂ ಇಲ್ಲ ಎಂದು ತಾನೂ ಬೇರೆಬೇರೆಯಾಗಿ ತೀರ್ಪು ಬರೆದುಕೊಂಡು ಬಂದವಳಲ್ಲವೇ. ಎದುರುಬದುರು ಇಟ್ಟು ಅಳೆದದ್ದುಂಟೇ? ಅನಿಸಿದ್ದು ಹೌದು, ಆದರೆ ಅದರಿಂದ ಎದೆಯ ಉರಿ ಕಡಿಮೆಯಾಗಲಿಲ್ಲ. ಕಾರಣ ಗೊತ್ತಾದ ಮಾತ್ರಕ್ಕೆ ಹಲ್ಲುನೋವು ನಿಲ್ಲುತ್ತದೆಯೇ?

ಡಾಕ್ಟರು ಕನ್ನಡಕ ತೆಗೆದು ಹಲಗೆಯನ್ನು ನೋಡಿದರು. ಅವರಿಗೆ ಅರ್ಥವಾಗಿತ್ತು, ಅರ್ಥವಾದದ್ದು ಹಿಡಿಸಿರಲಿಲ್ಲ. "ಸರಿ. ಹಾಗಾದ್ರೆ ಇದು ಇಲ್ಲೀವರೆಗೆ ಹೇಗೆ ಬಂತು? ಎರಡನೇ ಓದು ಅಂತ ಏನೋ ಮಾಡ್ತೀರಲ್ಲ ನೀವು, ಯಾರು ಓದಿದ್ದು ಇದನ್ನ?" ಸೀಮೆಸುಣ್ಣ ಅವಳ ಬೆರಳಲ್ಲೇ ಇತ್ತು. ಮೇಡಂ ತಲೆಯೆತ್ತಿದರು. ಆಗ ತಂಗಿ, ಒಂದಿಷ್ಟೂ ತಡೆಯದೆ, "ನನ್ನದೇ ತಪ್ಪು ಸರ್. ಅಕ್ಕನಿಗೆ ತುಂಬಾ ತಡವಾಗಿ ಕೊಟ್ಟೆ, ಪೂರ್ತಿ ನೋಡೋಕೆ ಅವಳಿಗೆ ಸಮಯ ಸಿಗಲಿಲ್ಲ" ಎಂದಳು. ಆಮೇಲೆ ಅಜ್ಜಿಯ ಕಡೆ ತಿರುಗಿ, "ನಿಮಗೆ ಕಂಡಿದ್ದೇ ಸರಿ ಅಜ್ಜಿ. ನಮ್ಮ ಅಕ್ಕ ಹೇಳಿದ ಹಾಗೆ, ನಿಮ್ಮಂಥೋರನ್ನ ನಾವು ಸರಿಯಾಗಿ ಕೇಳೇ ಇಲ್ಲ" ಎಂದಳು. ಅಜ್ಜಿ ಅವಳ ಕೈ ತಟ್ಟಿದರು. ತೀರ್ಮಾನದ ಸಾಲನ್ನು ಹೊಡೆದುಹಾಕಿ ಎಲ್ಲ ವಯಸ್ಸಿನವರ ಮನೆಗೂ ಎಂದು ಬರೆಸಿದ್ದಾಯಿತು. ಏಳುವಾಗ ಮೇಡಂ, "ತಪ್ಪನ್ನ ಇಷ್ಟು ಚೆನ್ನಾಗಿ ಒಪ್ಪಿಕೊಳ್ಳೋರು ಕಮ್ಮಿ" ಎಂದರು, ತಂಗಿಯ ಬೆನ್ನಿನ ಮೇಲೆ ಕೈಯಿಟ್ಟು. ಆಮೇಲೆ ನೆನಪಾಗಿ, "ನೀವೂ ಒಳ್ಳೇದು ಮಾಡಿದ್ರಿ" ಎಂದರು. ಆ ನೀವೂ ಇಡೀ ಮಧ್ಯಾಹ್ನ ಅವಳ ಕಿವಿಯಲ್ಲಿ ಕೂತಿತ್ತು. ಅಪ್ಪಟ ಸುಳ್ಳೊಂದನ್ನು ಹೇಳಿ ತನ್ನನ್ನು ಉಳಿಸಿದವಳ ಮೇಲೆ ಹೊಟ್ಟೆಕಿಚ್ಚು ಪಡುವುದು ಹೇಗೆ? ಆದರೂ ಪಡಬಹುದಿತ್ತು. ಒಳ್ಳೆಯತನವೂ ಇವಳಿಗೇ ಮೊದಲು ಹೊಳೆಯಬೇಕೇ?

ಸಂಜೆ ಬಸ್ಸಿನಲ್ಲಿ ತಂಗಿ ಕಿಟಕಿಯನ್ನು ಅವಳಿಗೆ ಬಿಟ್ಟಳು. ಸೇತುವೆ ದಾಟುವಾಗ ತಂಗಿ, ಮುಂದಿನ ಸೀಟಿನ ಕಂಬಿಯನ್ನು ನೋಡುತ್ತ, "ಅಕ್ಕಾ, ನಿನ್ನೆ ಓದ್ದಾಗ್ಲೇ ಗೊತ್ತಾಗಿತ್ತಾ ನಿಂಗೆ?" ಎಂದಳು. ಇಲ್ಲ, ಅಲ್ಲೇ ಹೊಳೆಯಿತು ಎಂದರೆ ನಂಬುತ್ತಾಳೆ. ನಂಬಲು ಕಾಯುತ್ತಿದ್ದಾಳೆ ಕೂಡ. ಪಕ್ಕದಲ್ಲಿ ತಂಗಿಯ ತೋಳು ಬಿಗಿದುಕೊಂಡಿದ್ದರಿಂದಲೇ ಅದು ತಿಳಿಯುತ್ತಿತ್ತು. "ಹೂಂ" ಎಂದಳು ಅವಳು. "ಬಾಗಿಲಲ್ಲಿ ಕೇಳಿದಾಗ್ಲೂ?" "ಹೂಂ." ತಂಗಿ ಅಳಲಿಲ್ಲ, ಜಗಳಕ್ಕೂ ಬರಲಿಲ್ಲ. ಒಂದು ಸಲ ತಲೆಯಾಡಿಸಿದಳು, ಸಿಗದೇ ಇದ್ದ ಒಂದು ಉತ್ತರ ಸಿಕ್ಕವರಂತೆ. "ನಾನೇನೋ ನಿನ್ನ ಹತ್ರ ತರೋದು, ನೀನು ನೋಡಿದ್ರೆ ನಂಗೆ ನೆಮ್ಮದಿಯಾಗಿ ನಿದ್ದೆ ಬರುತ್ತೆ ಅಂತ," ಎಂದಳು. ಚೀಲವನ್ನು ಮಡಿಲಿಗೆ ಎಳೆದುಕೊಂಡು, "ನಾಳೆಯಿಂದ ಪತ್ತೇದಾರರ ಹತ್ರ ಓದಿಸ್ಕೋತೀನಿ. ಬೇಜಾರು ಮಾಡ್ಕೋಬೇಡ." "ಓದಿಸ್ಕೋ," ಎಂದಳು ಅವಳು. "ಚೆನ್ನಾಗಿ ಓದ್ತಾನೆ ಅವನು." ನಿಲ್ದಾಣ ಬಂದಾಗ ತಂಗಿ ಮೊದಲು ಇಳಿದಳು. ಅದಕ್ಕೆ ಮೊದಲು, ಬಸ್ಸು ವಾಲಿದ ತಿರುವಿನಲ್ಲಿ ತಂಗಿ ಕಂಬಿಯನ್ನು ಹಿಡಿದುಕೊಂಡಿದ್ದಳು.

ಮನೆಯಲ್ಲಿ ತಂಗಿ ಅಮ್ಮನಿಗೆ ಹೇಳಿದ್ದು ಬೇರೆ. "ಅಕ್ಕ ಇವತ್ತು ಎಲ್ಲರೆದುರು ಎದ್ದು ನಿಂತು ಆ ಡಾಕ್ಟರ ಲೆಕ್ಕಾನೇ ತಿರುಗಿಸಿಬಿಟ್ಲು ದೊಡ್ಡಮ್ಮ. ನೀವಿರ್ಬೇಕಿತ್ತು." ಅಮ್ಮ ಸೌಟು ಹಿಡಿದುಕೊಂಡೇ ತಿರುಗಿ ಅವಳನ್ನು ನೋಡಿದಳು. "ಇವಳಾ? ಇವಳು ಮಾತಾಡಿದ್ಲಾ?" ಎಂದು ನಕ್ಕಳು, ಆ ನಗುವಿನಲ್ಲಿ ಹೆಮ್ಮೆ ತುಳುಕುತ್ತಿತ್ತು, ಅದು ನೇರ ಅವಳ ಮೇಲೆಯೇ ಬಿದ್ದಿತ್ತು. ಎಷ್ಟೋ ದಿನದಿಂದ ಬೇಕೆಂದಿದ್ದು ಇದೇ ಇರಬೇಕು. ಅವಳು ತಟ್ಟೆಯ ಕಡೆ ನೋಡುತ್ತ ಉಂಡಳು. ಅಮ್ಮ ಎರಡು ಸಲ ಬಡಿಸಿದಳು.

ಊಟವಾದ ಮೇಲೆ ಪಾತ್ರೆ ತೊಳೆಯಲು ನಿಂತಳು. ಕೋಣೆಯಿಂದ ತಂಗಿಯ ಮಾತು ಕೇಳುತ್ತಿತ್ತು, ಫೋನಿನಲ್ಲಿ. "ನಾಳೆ ಬೆಳಗ್ಗೆ ಕೊಡ್ತೀನಿ. ನಿಧಾನಕ್ಕೆ ಓದಿ, ಪರವಾಗಿಲ್ಲ. ಎಲ್ಲಿ ಡೌಟ್ ಬಂದ್ರೂ ಪೆನ್ಸಿಲ್ ನಿಲ್ಲಿಸಿ ಹೇಳ್ಬಿಡಿ ನಂಗೆ." ಪತ್ತೇದಾರ ಆ ಕಡೆಯಿಂದ ಏನೋ ಅಂದಿರಬೇಕು, ತಂಗಿ ಚಿಕ್ಕದಾಗಿ ನಕ್ಕಳು. ಅವನ ಮೇಜು ಅವಳ ಕಣ್ಣಿಗೆ ಕಟ್ಟಿತು: ಪಕ್ಕಕ್ಕೆ ಎಳೆದ ಕುರ್ಚಿ, ತಾಗುವ ಮೊಣಕೈ, ಕಿವಿಯಿಂದ ಇಳಿದ ಪೆನ್ಸಿಲ್ ಸಾಲಿನ ಮೇಲೆ ಹರಿದಂತೆ ಪಕ್ಕದಲ್ಲಿ ಬಿಗಿಹಿಡಿದ ಉಸಿರು. ತಂಗಿಯನ್ನು ಬಿಟ್ಟರೆ ಬೇರೆ ಯಾರೂ ಅವಳಿಗೆ ಅಷ್ಟು ಹತ್ತಿರ ಕೂತು ಅವಳ ತೀರ್ಪಿಗಾಗಿ ಕಾದದ್ದಿಲ್ಲ. ಮೇಡಂ ಅಲ್ಲ, ಅಮ್ಮನ ನಗುವಲ್ಲ. ಹೊಟ್ಟೆಯೊಳಗಿನ ಕಿಚ್ಚು ಇಷ್ಟು ದಿನ ಉರಿದದ್ದೆಲ್ಲ ಏನೂ ಅಲ್ಲ ಎಂಬಂತೆ ಈಗ ಬುಡದಿಂದ ಹತ್ತಿಕೊಂಡಿತು, ಆ ಕನ್ನಡಕದವನ ಮೇಲೆ. ಕೋಣೆಯೊಳಗೆ ತಂಗಿ ದನಿ ತಗ್ಗಿಸಿ ಏನೋ ಹೇಳತೊಡಗಿದಳು. ಸರಿಯಾಗಿ ಕೇಳಿಸಲೆಂದು ಅವಳು ಸೋಪಿನ ಕೈಯಲ್ಲೇ ನಲ್ಲಿ ನಿಲ್ಲಿಸಿದಳು.